ಸದ್ದಿಗೊಂದು ಕೆಲಸ

ಎಕ್ಸ್‌ಪ್ರೆಸ್‌ವೇ ಟೋಲ್ ದಾಟಿ ಕಾರು ವಡೋದರಾದ ಕಡೆಗೆ ನೆಟ್ಟಗೆ ಓಡತೊಡಗಿದ ಮೇಲೂ ನೀಲಾಳ ಬಲಗಾಲು ಕುಣಿಯುವುದು ನಿಂತಿರಲಿಲ್ಲ. ತೊಡೆಯ ಮೇಲೆ ಕೈಯಿಟ್ಟು ಅದುಮಿ ನೋಡಿದಳು. ಕೈಯೂ ಕಾಲಿನ ಜೊತೆ ಸೇರಿಕೊಂಡು ಕುಣಿಯತೊಡಗಿತು. ನಲವತ್ತೊಂಬತ್ತು ವರ್ಷದ ಹೆಂಗಸಿಗೆ ಇದು ಚೆಂದವಲ್ಲ ಅಂದುಕೊಂಡಳು, ಹಾಗೆ ಅಂದುಕೊಳ್ಳುವಾಗಲೇ ಒಳಗಿನಿಂದ ನಗು ಉಕ್ಕಿ ಬಂತು. ಬೆಳಿಗ್ಗೆ ಬೋಪಾಲ್ ಬಡಾವಣೆಯ ಮನೆಯಲ್ಲಿ ಅವಲಕ್ಕಿಗೆ ಎರಡು ಸಲ ಉಪ್ಪು ಹಾಕಿದ್ದಳು. ಗಂಡ ಪಟ್ಟಾಭಿರಾಮ ಒಂದು ತುತ್ತು ತಿಂದು, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಿಂಗೆ ಬೇಜಾರಾದಾಗ ಹೇಗೋ ಸುಧಾರಿಸ್ಕೋಬಹುದು ಕಣೇ. ಖುಷಿಯಾದಾಗ ಮಾತ್ರ ಹತ್ತಿರ ಬರೋಕೇ ಹೆದರಿಕೆ ಆಗತ್ತೆ," ಎಂದು ಹೇಳಿ ಆಫೀಸಿನ ಬಸ್ಸಿಗೆ ಓಡಿದ್ದ. ತಮಾಷೆಗೆ ಅಂದದ್ದೇ. ಆದರೂ ಆ ಮಾತು ಅವಳ ಜೊತೆ ಕಾರು ಹತ್ತಿತ್ತು.

ಕಾರು ಓಡಿಸುತ್ತಿದ್ದವಳು ನಿಶ್ಚಿತಾ. ತುಮಕೂರಿನವಳು, ಇಪ್ಪತ್ತೇಳರ ಹುಡುಗಿ, ಇನ್ನಿಬ್ಬರ ಜೊತೆ ಫ್ಲ್ಯಾಟ್ ಹಿಡಿದುಕೊಂಡಿದ್ದಳು. ನೀಲಾ ಬಿಡಿಸಿದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಓಡಾಡುವ, ತಿರುಗಿ ನೋಡುವ ಲೋಕವಾಗಿ ಮಾಡುವುದು ಅವಳ ಕೆಲಸ. ಹಿಂದಿನ ಸೀಟಿನಲ್ಲಿ ಕಣ್ಣಿಗೆ ಕಟ್ಟುವ ವಿಆರ್ ಹೆಡ್‌ಸೆಟ್, ಲ್ಯಾಪ್‌ಟಾಪ್, ಮಡಚಿಟ್ಟ ಫೋಮಿನ ಕೊಳವೆ. ಎಂಆರ್‌ಐ ಯಂತ್ರದೊಳಗೆ ಮಲಗಲು ಹೆದರಿ ಎದ್ದು ಬರುವವರಿಗೆ ಅಭ್ಯಾಸ ಮಾಡಿಸುವುದಕ್ಕೆ ಇಷ್ಟು ಸಾಮಾನು. ಆ ಯಂತ್ರವೇ ದೊಡ್ಡ ಅಯಸ್ಕಾಂತ, ಅದರೊಳಗೆ ಹೆಡ್‌ಸೆಟ್ ಒಯ್ಯುವಂತಿಲ್ಲ. ಹೊರಗೆ, ಫೋಮಿನ ಕೊಳವೆಯಲ್ಲಿ ಮಲಗಿಸಿ, ಕಣ್ಣಿಗೆ ಒಂದು ಲೋಕ ತೋರಿಸಿ, ಕಿವಿಗೆ ಯಂತ್ರದ ಸದ್ದು ಕೇಳಿಸಿ, ಆ ಲೋಕವನ್ನು ತಲೆಯಲ್ಲಿ ಹೊತ್ತುಕೊಂಡು ಒಳಗೆ ಹೋಗುವಂತೆ ಮಾಡಬೇಕು. ಮೊದಲ ವರ್ಷ ಅವರೂ ಎಲ್ಲರ ಹಾಗೆ ಸಮುದ್ರ ಮಾಡಿದರು, ಹಿಮದ ಬೆಟ್ಟ ಮಾಡಿದರು, ಮೇಲೆ ಕೊಳಲು ಹರಿಸಿದರು. ಮಲಗಿದವರು ಸಮುದ್ರ ನೋಡುತ್ತಲೇ ಬೆವರುತ್ತಿದ್ದರು. ಕೊಳಲಿನ ಹಿಂದೆ ಅಡಗಿಸಿಟ್ಟ ಯಂತ್ರದ ಬಡಿತವನ್ನೇ ಕಿವಿ ಹುಡುಕಿಕೊಂಡು ಹೋಗುತ್ತಿತ್ತು.

ಆಮೇಲೆ ಆ ಮಧ್ಯಾಹ್ನ ಬಂತು. ಅದನ್ನು ನೆನೆದರೆ ಈಗಲೂ ನೀಲಾಳ ಕಿವಿ ಬಿಸಿಯಾಗುತ್ತದೆ. ಯಂತ್ರದ ಸದ್ದಿನ ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಟಿಪ್ಪಣಿ ಮಾಡಿಕೊಳ್ಳುತ್ತಿದ್ದವಳು ಆಫೀಸಿನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು, ಜೊಲ್ಲು ಕಾಗದದ ಮೇಲೆ ಇಳಿದಿತ್ತು. ಯಾರೋ ಫೋಟೋ ತೆಗೆದು ಆಫೀಸಿನ ಗುಂಪಿಗೆ ಹಾಕಿದ್ದರು: 'ನೀಲಾಬೆನ್‌ಗೆ ರಿಲ್ಯಾಕ್ಸ್ ಆಗಿದೆ, ಪ್ರಾಜೆಕ್ಟ್ ಸಕ್ಸಸ್.' ಅವಳ ಅರ್ಧ ವಯಸ್ಸಿನವರೆಲ್ಲ ನಗುವ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು. ಅವಮಾನಕ್ಕೆ ಬಾತ್‌ರೂಮಿಗೆ ಹೋಗಿ ಮುಖ ತೊಳೆಯುವಾಗ ಅವಳಿಗೆ ಹೊಳೆಯಿತು: ತನಗೆ ಎಚ್ಚರವಾದದ್ದು ನಗುವಿನಿಂದಲ್ಲ, ರೆಕಾರ್ಡಿಂಗ್ ಮುಗಿದು ಸದ್ದು ನಿಂತದ್ದರಿಂದ. ನಲ್ಲಿ ಹಾಗೇ ಹರಿಯುತ್ತಿತ್ತು. ಕನ್ನಡಿಯಲ್ಲಿ ಅವಳ ಮುಖದ ಬದಲು ಸೂರತ್ತಿನ ಕತಾರ್‌ಗಾಮ್ ಕಂಡಿತು. ಮದುವೆಯಾದ ಹೊಸತರಲ್ಲಿ ಮೂರು ವರ್ಷ ಅಲ್ಲಿ ಸೀರೆಗಳಿಗೆ ಪ್ರಿಂಟಿನ ಚಿತ್ರ ಬರೆಯುವ ಕೆಲಸ ಮಾಡಿದ್ದಳು. ಗೋಡೆಯಾಚೆ ಮಗ್ಗದ ಶೆಡ್ಡು, ಎಂಬತ್ತು ಮಗ್ಗ. ಊಟವಾದ ಮೇಲೆ, ಬಣ್ಣಕ್ಕೆ ಹೋಗುವ ಮೊದಲಿನ ಬಿಳಿ ಬಟ್ಟೆಯ ರಾಶಿಯ ಮೇಲೆ ಹೆಂಗಸರೆಲ್ಲ ಅಡ್ಡಾಗುತ್ತಿದ್ದರು. ಖಟ್ ಖಟ್ ಖಟ್, ನೆಲ ನಡುಗುತ್ತಿತ್ತು, ಹಲ್ಲು ನಡುಗುತ್ತಿತ್ತು, ಅದರಲ್ಲೇ ಕಣ್ಣು ಮುಚ್ಚಿ ಬರುತ್ತಿತ್ತು. ಕರೆಂಟು ಹೋಗಿ ಮಗ್ಗಗಳು ಒಟ್ಟಿಗೆ ನಿಂತರೆ ಸಾಕು, ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರೂ ದಿಗ್ಗನೆ ಎದ್ದು ಕೂರುತ್ತಿದ್ದರು. ಆ ಸದ್ದಿಗೆ ಒಂದು ಕೆಲಸವಿತ್ತು, ಅದಕ್ಕೇ ಅದು ಯಾರನ್ನೂ ಹೆದರಿಸುತ್ತಿರಲಿಲ್ಲ. ಒಂದೊಂದು ಬಡಿತಕ್ಕೂ ಲಾಳಿ ಅತ್ತಿಂದಿತ್ತ ಓಡಿ ಒಂದೊಂದು ಎಳೆ ಕೂರುತ್ತಿತ್ತು. ಎಂಆರ್‌ಐ ಸದ್ದಿಗೂ ಒಂದು ಕೆಲಸ ಕೊಡಬೇಕು! ಒದ್ದೆ ಮುಖದಲ್ಲೇ ಓಡಿ ಬಂದು ನಿಶ್ಚಿತಾಳ ಹೆಗಲು ಹಿಡಿದು ಅಲುಗಿಸಿದ್ದಳು. ಮಲಗಿದವರ ಕಣ್ಣೆದುರು ಒಂದು ಮಗ್ಗ. ಯಂತ್ರ ಬಡಿದಂತೆಲ್ಲ ಬಟ್ಟೆ ಬೆಳೆಯಬೇಕು. ಸದ್ದು ನಿಲ್ಲದಿರಲಿ ಎಂದು ಮಲಗಿದವರಿಗೇ ಅನ್ನಿಸಬೇಕು.

ನಾಲ್ಕು ತಿಂಗಳು ಅವಳು ನೆಲದ ಮೇಲೆ ನಡೆದದ್ದೇ ನೆನಪಿಲ್ಲ. ಆಫೀಸಿನಲ್ಲಿ ಹನ್ನೊಂದು ಮಂದಿಯನ್ನು ಕೊಳವೆಯಲ್ಲಿ ಮಲಗಿಸಿ ನೋಡಿದರು, ಹನ್ನೊಂದು ಮಂದಿಯೂ 'ಭಾರಿ ಚೆನ್ನಾಗಿದೆ' ಅಂದರು. ಆದರೆ ಅವರ್ಯಾರೂ ನಿಜವಾಗಿ ಹೆದರಿದವರಲ್ಲ. ನಿಜವಾಗಿ ಹೆದರಿದವರು ಬೇಕು, ಹಾಗೆಂದು ಅವಳು ವಡೋದರಾದ ಆಸ್ಪತ್ರೆಯೊಂದಕ್ಕೆ ಬರೆದಿದ್ದಳು. ಹೋದ ವಾರ ಉತ್ತರ ಬಂತು. ಒಬ್ಬರೇ ಇದ್ದಾರೆ, ಎಡಗಣ್ಣು ಮಂಜಾಗುತ್ತಿದೆ, ತಲೆಯ ಚಿತ್ರ ತೆಗೆಯದೆ ಔಷಧ ಶುರು ಮಾಡಲು ಡಾಕ್ಟರು ಒಪ್ಪುತ್ತಿಲ್ಲ, ಎರಡು ಸಲ ಯಂತ್ರದಿಂದ ಎದ್ದು ಓಡಿದ್ದಾರೆ, ಬುಧವಾರ ಮಧ್ಯಾಹ್ನ ಮೂರನೆಯ ಸಲ. ಪದ್ಮಾ ಕೃಷ್ಣರಾಜ.

ಆ ಹೆಸರನ್ನು ಅವಳು ಮೂರು ಸಲ ಓದಿದ್ದಳು. ಮೊದಲು ಆದದ್ದು ಭಯವಲ್ಲ, ನಾಚಿಕೆಯೂ ಅಲ್ಲ. ಸಿಕ್ಕಿದಳು, ಎಂಬ ಸಂತೋಷ. ಅದನ್ನು ನೆನೆದು ಈಗ ಕಾರಿನ ಕಿಟಕಿಯ ಕಡೆ ಮುಖ ತಿರುಗಿಸಿದಳು, ನಿಶ್ಚಿತಾಗೆ ತನ್ನ ಮುಖ ಕಾಣಿಸೀತೇನೋ ಅನ್ನುವ ಹಾಗೆ. ಹನ್ನೊಂದು ವರ್ಷದ ಹಿಂದೆ ಪದ್ಮಾ ಇವರದೇ ಕಟ್ಟಡದ ಏಳನೇ ಮಹಡಿಯಲ್ಲಿದ್ದಳು. ಧಾರವಾಡದವಳು. ತರಕಾರಿ ಚೀಲ ಹಿಡಿದು ಏಳು ಮಹಡಿ ಮೆಟ್ಟಿಲು ಹತ್ತುತ್ತಿದ್ದಳು, ಲಿಫ್ಟಿನ ಬಾಗಿಲು ಕಂಡರೆ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಅವಳನ್ನು ಸರಿಮಾಡಿಬಿಡುತ್ತೇನೆ ಎಂಬ ಹುರುಪು ನೀಲಾಳಿಗೆ. ಆವತ್ತೂ ಬೆಳಗಿನಿಂದ ಕಾಲು ಕುಣಿಯುತ್ತಿತ್ತು. ಕಟ್ಟಡದ ಇನ್ನಿಬ್ಬರು ಹೆಂಗಸರು ನಗುತ್ತಿದ್ದಂತೆ ಪದ್ಮಾಳ ಮಣಿಕಟ್ಟು ಹಿಡಿದು ಒಳಗೆಳೆದುಕೊಂಡು ಏಳರ ಗುಂಡಿ ಒತ್ತಿದ್ದಳು. ಒಂದೇ ನಿಮಿಷ ಕಣೇ, ಒಂದೇ ನಿಮಿಷ. ಐದನೇ ಮಹಡಿ ದಾಟುವಾಗ ಪದ್ಮಾಳ ಸೀರೆ ಒದ್ದೆಯಾಯಿತು, ಲಿಫ್ಟಿನ ನೆಲ ಒದ್ದೆಯಾಯಿತು. ಬಾಗಿಲು ತೆರೆದಾಗ ಅವಳು ಸೆರಗು ಮುಂದೆ ಹಿಡಿದುಕೊಂಡು ನಡೆದು ಹೋದಳು. ಇಷ್ಟೇ ಆಗಿದ್ದರೆ ತಾನು ಮರೆತುಬಿಡುತ್ತಿದ್ದೆನೇನೋ. ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತು ಅದನ್ನೇ ಕಥೆ ಮಾಡಿ, ಪದ್ಮಾ ಕಣ್ಣು ಅರಳಿಸಿದ್ದನ್ನು ಅಣಕಿಸಿ ತೋರಿಸಿದ್ದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಾರ್ಚ್‌ನಲ್ಲಿ ಅವಳ ಗಂಡ ಕೃಷ್ಣರಾಜರಿಗೆ ವಡೋದರಾದ ರಿಫೈನರಿಗೆ ವರ್ಗವಾಯಿತು. ಹೋಗುವಾಗ ಪದ್ಮಾ ಎಲ್ಲರ ಮನೆಗೂ ಬಂದು ಹೇಳಿ ಹೋದಳು, ಇವರ ಮನೆಯೊಂದನ್ನು ಬಿಟ್ಟು.

"ಮ್ಯಾಮ್, ನೀವು ಆಗ್ಲಿಂದ ನಗ್ತಾ ಇದೀರಾ, ಅಳ್ತಾ ಇದೀರಾ?" ನಿಶ್ಚಿತಾ ಕೇಳಿದಳು. "ಒಂದು ಡಿಸೈಡ್ ಮಾಡಿ. ನಂಗೆ ಡ್ರೈವ್ ಮಾಡೋಕೆ ಟೆನ್ಷನ್ ಆಗ್ತಿದೆ."

"ನಗ್ತಾ ಇದೀನಿ. ನೀನು ರಸ್ತೆ ನೋಡು."

ಆಸ್ಪತ್ರೆಯವರು ಕೊಟ್ಟ ಕೋಣೆಯಲ್ಲಿ ಕೊಳವೆಯನ್ನು ಜೋಡಿಸುತ್ತಿದ್ದಾಗ ಪದ್ಮಾ ಬಂದಳು. ಗಂಡನನ್ನು ಕೆಳಗೆ ಕ್ಯಾಂಟೀನಿನಲ್ಲೇ ಬಿಟ್ಟು ಬಂದಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ಎಡಗಣ್ಣನ್ನು ಸ್ವಲ್ಪ ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಬಾಗಿಲಲ್ಲೇ ನಿಂತು ನೀಲಾಳನ್ನು, ಆಮೇಲೆ ಕೊಳವೆಯನ್ನು, ಮತ್ತೆ ನೀಲಾಳನ್ನು ನೋಡಿದಳು.

"ನೀನs ಏನು? ಮಷಿನ್ ಬಿಟ್ಟು ಬ್ಯಾರೆ ಏನರೆ ತೋರಸ್ತಾರ ಅಂತ ಬಂದ್ರ, ನಿನ್ನ ತೋರಿಸ್ಯಾರ ನೋಡು."

ನೀಲಾ ಕೈಯಲ್ಲಿದ್ದ ಕೊಳವೆಯ ತುದಿಯನ್ನು ಕೆಳಗಿಟ್ಟಳು. "ಹೇಗಿದೀಯ ಪದ್ಮಾ," ಅಂದಳು.

"ಹೆಂಗಿರ್ಲಿ? ಅರ್ಧಾ ಕಾಣ್ತದ, ಅರ್ಧಾ ಕಾಣಂಗಿಲ್ಲ. ನಿನ್ನ ಅರ್ಧಾ ಮುಖ ಕಾಣ್ಲಿಕ್ಕೆ ಹತ್ತದ, ಅಷ್ಟು ಸಾಕು ಬಿಡು." ನಿಶ್ಚಿತಾ ನಕ್ಕಳು. ಪದ್ಮಾ ಅವಳ ಕಡೆ ತಿರುಗಿ, "ಏನ್ ಮಾಡ್ಬೇಕು ತಂಗಿ, ನೀ ಹೇಳು. ಮಲ್ಕೋಬೇಕೇನು?" ಅಂದಳು.

ಮಲಗಿಸಿದರು. ಹೆಡ್‌ಸೆಟ್ ಕಟ್ಟಿದರು. ನಿಶ್ಚಿತಾ ಲ್ಯಾಪ್‌ಟಾಪಿನಲ್ಲಿ ಶುರು ಮಾಡಿದಳು. ಪದ್ಮಾಳ ಕಣ್ಣಿಗೆ ಕಾಣುತ್ತಿದ್ದುದೇ ಪರದೆಯ ಮೇಲೂ ಕಾಣುತ್ತಿತ್ತು: ಎತ್ತರದ ಶೆಡ್ಡು, ಹಂಚಿನ ನಡುವಿನಿಂದ ಇಳಿದ ಬಿಸಿಲಿನ ಕೋಲು, ಅದರಲ್ಲಿ ತೇಲುವ ಹತ್ತಿಯ ಧೂಳು. ಮೇಲೆ ಮಗ್ಗ. ಖಟ್ ಖಟ್ ಖಟ್. ಒಂದೊಂದು ಬಡಿತಕ್ಕೂ ಬಿಳಿ ಬಟ್ಟೆ ಒಂದೊಂದು ಎಳೆ ಬೆಳೆದು ಮೆಲ್ಲಗೆ ಮುಖದ ಕಡೆ ಇಳಿಯುತ್ತ ಬಂತು. ನೀಲಾ ಉಸಿರು ಹಿಡಿದು ಪದ್ಮಾಳ ಕಾಲ್ಬೆರಳುಗಳನ್ನು ನೋಡುತ್ತಿದ್ದಳು. ಸಡಿಲವಾಗಿದ್ದವು. ಆಗುತ್ತಿದೆ, ಆಗುತ್ತಿದೆ! ಕತಾರ್‌ಗಾಮ್‌ನ ಆ ಹೊಸ ಬಟ್ಟೆಯ ಗಂಜಿ ವಾಸನೆ ತನ್ನ ಮೂಗಿಗೇ ಬಂದಂತಾಯಿತು. ಅಷ್ಟರಲ್ಲಿ ಕಾಲ್ಬೆರಳುಗಳು ಒಂದಕ್ಕೊಂದು ಬಿಗಿದುಕೊಂಡವು.

"ತೆಗೀರಿ. ಇದನ್ನ ತೆಗೀರಿ."

"ಒಂದೇ ನಿಮಿಷ ಕಣೇ," ಎಂದಿತು ನೀಲಾಳ ಬಾಯಿ. ಅವಳ ಕೈ ಆಗಲೇ ಪದ್ಮಾಳ ಮಣಿಕಟ್ಟಿನ ಮೇಲಿತ್ತು. "ಒಂದೇ ನಿಮಿಷ, ಈಗ ಚೆನ್ನಾಗಿ—"

ಪದ್ಮಾ ಕಿರುಚಿದಳು. ನಿಶ್ಚಿತಾ ಎದ್ದು ಬಂದು ನೀಲಾಳನ್ನು ಮೊಣಕೈಯಿಂದ ತಳ್ಳಿ ಹೆಡ್‌ಸೆಟ್ ಕಿತ್ತುಕೊಂಡಳು, ಫೋಮಿನ ಕೊಳವೆ ಮಗುಚಿಬಿತ್ತು. ನೀಲಾ ತನ್ನ ಬಲಗೈಯನ್ನು ನೋಡಿಕೊಂಡಳು. ಹನ್ನೊಂದು ವರ್ಷ ಅದು ಎಲ್ಲಿತ್ತು? ಚಿತ್ರ ಬರೆಯಿತು, ಒಗ್ಗರಣೆ ಹಾಕಿತು, ಎಷ್ಟೋ ಜನರ ಬೆನ್ನು ಸವರಿತು. ಅಷ್ಟೂ ದಿನ ಈ ಮಣಿಕಟ್ಟಿಗಾಗಿಯೇ ಕಾದಿತ್ತೇನೋ.

"ಹೆಣಕ್ಕ ಮುಖಾ ಮುಚ್ತಾರಲ್ಲ, ಹಂಗ," ಪದ್ಮಾ ಎದ್ದು ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡಳು. "ಬಿಳೇ ಬಟ್ಟಿ. ಮ್ಯಾಲಿಂದ ಇಳೀತದ, ಇಳೀತದ, ಮಾರಿ ಮ್ಯಾಲೆ. ಯಾವ ಪುಣ್ಯಾತ್ಗಿತ್ತಿಗೆ ಹೊಳೀತು ಇದು?"

ನಿಶ್ಚಿತಾ ಮೆಲ್ಲಗೆ ನೀಲಾಳ ಕಡೆ ನೋಡಿದಳು. ನೀಲಾ ಕುರ್ಚಿಯ ಮೇಲೆ ಕೂತಳು. ನಾಲ್ಕು ತಿಂಗಳು, ಇಷ್ಟು ಜನ, ಒಬ್ಬರಿಗೂ ಕಾಣಲಿಲ್ಲ. ಹೆದರದವರಿಗೆ ಅದು ಬರೀ ಬಟ್ಟೆ. ತನಗಂತೂ ಬಿಳಿ ಬಟ್ಟೆಯೆಂದರೆ ಶುರು. ಅದರ ಮೇಲೆ ಇನ್ನು ಎಲ್ಲ ಬಣ್ಣವೂ ಬರಬೇಕು. "ನಂಗೇ ಹೊಳೆದದ್ದು," ಅಂದಳು. "ಪದ್ಮಾ, ಆವತ್ತು ಲಿಫ್ಟಿನಲ್ಲಿ..."

"ಲಿಫ್ಟಿಂದು ಬಿಡು. ಲಿಫ್ಟ್ ಎರಡು ನಿಮಿಷದಾಗ ಮುಗೀತು. ಸಂಘದ ಊಟದ ಪಾಳಿಯೊಳಗ ನೀ ಅದನ್ನ ಮಾಡಿ ತೋರಿಸಿದಿ ನೋಡು, ನಾ ನಿನ್ನ ಹಿಂದs ನಿಂತಿದ್ದೆ. ತಾಟು ಹಿಡ್ಕೊಂಡು. ನಿನ್ನ ಮುಂದಿದ್ದವ್ರು ನನ್ನ ನೋಡಿ ನಗೂದು ನಿಲ್ಲಿಸಿದ್ರು. ನೀ ನಿಲ್ಲಸ್ಲಿಲ್ಲ, ನೀ ಹಿಂದ ನೋಡ್ಲೇ ಇಲ್ಲ." ಅವಳು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಬಹಳ ದಿನ ಕೈಯಲ್ಲಿ ಹಿಡಿದಿದ್ದ ತಟ್ಟೆಯನ್ನು ಕೊನೆಗೆ ಎಲ್ಲೋ ಇಟ್ಟಂತೆ ಹೇಳಿದಳು.

ನೀಲಾಳಿಗೆ ಆ ಸಾಲು ನೆನಪಾಯಿತು. ಮುಂದಿದ್ದವರ ಮುಖ ಒಮ್ಮೆಲೇ ಸಪ್ಪೆಯಾದದ್ದು, ಕಥೆ ಸಾಲಲಿಲ್ಲವೆಂದು ತಾನು ಇನ್ನೂ ಜೋರಾಗಿ ಅಣಕಿಸಿದ್ದು. ತಪ್ಪಾಯಿತು ಎನ್ನುವುದು ಬಾಯಿಯವರೆಗೆ ಬಂತು. ಬರುವಾಗಲೇ ಅದು ಎಷ್ಟು ಸಣ್ಣದಾಗಿ ಕಂಡಿತೆಂದರೆ, ಹೊರಗೆ ಬಿಟ್ಟರೆ ಇನ್ನೊಂದು ಅಣಕವಾದೀತು ಅನ್ನಿಸಿತು. ಆದರೂ ಹೇಳಿದಳು. ತಲೆ ಬಗ್ಗಿಸಿಕೊಂಡು, ಸ್ಪಷ್ಟವಾಗಿ. ಪದ್ಮಾ ಕೇಳಿಸಿಕೊಂಡಳು. ಗೋಡೆಯ ಗಡಿಯಾರ ನೋಡಿದಳು.

"ಒಂದು ತಾಸು ಅದ ನನ್ನ ನಂಬರಿಗೆ. ತಂಗಿ, ಆ ಬಟ್ಟಿ ಬಣ್ಣಾ ಬದಲಿ ಮಾಡ್ಲಿಕ್ಕೆ ಬರ್ತದೇನು?"

ನಿಶ್ಚಿತಾ ನೆಟ್ಟಗೆ ಕೂತಳು. "ಬರತ್ತೆ ಆಂಟಿ! ಬಣ್ಣ ಎರಡೇ ನಿಮಿಷ. ಯಾವ್ದು ಬೇಕು? ನೀಲಿ? ತಿಳಿ ಹಸಿರು? ರಿಸರ್ಚ್ ಪ್ರಕಾರ..."

"ಚಂದ್ರಕಾಳಿ."

"ಅಂದ್ರೆ?"

"ಕರೀ ಸೀರಿ. ಕೆಂಪು ದಡಿ. ಇಳಕಲ್ಲಿಂದು."

"ಕಪ್ಪಾ? ಆಂಟಿ, ಒಳಗೆ ಮೊದ್ಲೇ ಕತ್ತಲೆ, ಅದ್ರಲ್ಲಿ ಕಪ್ಪು ಹಾಕಿದ್ರೆ..."

"ಕತ್ತಲಿ ಬ್ಯಾರೆ, ಚಂದ್ರಕಾಳಿ ಬ್ಯಾರೆ. ನಿನಗ ಗೊತ್ತಾಗಂಗಿಲ್ಲ, ನೀ ಪ್ಯಾಂಟಿನಾಕಿ." ಪದ್ಮಾ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಳು. "ಎರಡೂ ಕಡೆ ದಡಿ ಎದ್ದು ಕಾಣ್ಬೇಕು. ನಾಕ್ ಬೆರಳಗಲ. ದಡಿ ಕಂಡ್ರ ಎಲ್ಲೀಮಟ ಬಟ್ಟಿ, ಎಲ್ಲಿಂದ ಹೊರಗ ಅಂತ ತಿಳೀತದ. ಅಂಚಿಲ್ಲದ್ದ ನೋಡಿದ್ರ ನನಗ ಜೀವ ಹೋಗ್ತದ. ಮತ್ತ ಮಾರಿ ಕಡೆ ಬರಬಾರ್ದು ಅದು. ಇಲ್ಲಿಂದ ಹೊಂಟು ಕಾಲ ಕಡೆ ಸುತ್ಕೊಂತ ಹೋಗ್ಲಿ."

ಅಂಚು! ನೀಲಾ ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಸರಿಯಿತು. ಎಲ್ಲರೂ ಹೆದರಿದವರಿಗೆ ಅಂಚಿಲ್ಲದ್ದನ್ನೇ ಕೊಡುತ್ತಿದ್ದರು: ಕೊನೆಯಿಲ್ಲದ ಸಮುದ್ರ, ಕೊನೆಯಿಲ್ಲದ ಆಕಾಶ. ಇವಳು ಕೇಳುತ್ತಿರುವುದು ನಾಲ್ಕು ಬೆರಳಗಲದ ಕೆಂಪು ದಡಿ. ಪೆನ್ಸಿಲು ಹುಡುಕಿದಳು, ಸಿಗಲಿಲ್ಲ, ನಿಶ್ಚಿತಾಳ ಕಿವಿಯ ಹಿಂದಿನಿಂದ ಎಳೆದುಕೊಂಡಳು. ಕಾಗದದ ಮೇಲೆ ದಡಿ ಬರೆಯತೊಡಗಿದಳು. ಪದ್ಮಾ ಬಲಗಣ್ಣಿನ ಹತ್ತಿರಕ್ಕೆ ಹಾಳೆ ಹಿಡಿದು, "ಇದೇನು, ರೈಲ್ವೆ ಹಳಿ ಬರದೀ ಏನು? ಇಷ್ಟು ಒರಟ ಇರಂಗಿಲ್ಲ," ಎಂದು ತಿದ್ದಿಸಿದಳು. ಸೆರಗಿಗೆ ಬಾಚಣಿಕೆ ಹಲ್ಲಿನಂಥ ಬಿಳಿ ತೆನೆ ಇರಬೇಕೆಂದಳು, ತೆನೆ ಮೂರೋ ಐದೋ ಎಂದು ತನ್ನಲ್ಲೇ ವಾದಿಸಿದಳು. ನಿಶ್ಚಿತಾ ಕೀಲಿಗಳನ್ನು ಕುಟ್ಟುತ್ತ, "ಆಂಟಿ, ನೀವು ನಮ್ಮ ಬಾಸ್‌ಗಿಂತ ಕಷ್ಟ," ಅಂದಳು. "ನಿಮ್ಮ ಬಾಸ್ ಸೀರಿ ಉಡ್ತಾನೇನು?" ಅಂದಳು ಪದ್ಮಾ. ಮೂರು ತಲೆಗಳು ಒಂದು ಪರದೆಯ ಮೇಲೆ ಬಾಗಿದ್ದವು. ಕಾಫಿ ತಣ್ಣಗಾಯಿತು. ನೀಲಾಳ ಎದೆ ಹುಡುಗಿಯರ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಇದು ಅದೇ ಖುಷಿಯೋ, ಲಿಫ್ಟಿನ ಗುಂಡಿ ಒತ್ತಿದ ಖುಷಿಯೋ, ಬೇರೆಯೋ ಎಂದು ಒಂದು ಕ್ಷಣ ಪರೀಕ್ಷಿಸಿ ನೋಡಿಕೊಂಡಳು. ಗೊತ್ತಾಗಲಿಲ್ಲ. ಪರೀಕ್ಷಿಸಲು ಪುರುಸೊತ್ತೂ ಇರಲಿಲ್ಲ, ತೆನೆ ಐದೆಂದು ತೀರ್ಮಾನವಾಗಿತ್ತು.

ಎರಡನೆಯ ಸಲ ಪದ್ಮಾ ತಾನೇ ಹೆಡ್‌ಸೆಟ್ ಕಟ್ಟಿಕೊಂಡಳು. ನೀಲಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು. ಹನ್ನೆರಡು ನಿಮಿಷ ಮಗ್ಗ ಬಡಿಯಿತು. ಕರಿಯ ಒಡಲು ಎಳೆ ಎಳೆಯಾಗಿ ಬೆಳೆದು ಕಾಲ ಕಡೆಗೆ ಹೋಯಿತು. ಪದ್ಮಾ ಎದ್ದು, ಬಳೆಗಳನ್ನು ಒಂದೊಂದಾಗಿ ಬಿಚ್ಚಿ, ಮಾಂಗಲ್ಯ, ಕಿವಿಯೋಲೆ ತೆಗೆದು, ಕರವಸ್ತ್ರದಲ್ಲಿ ಗಂಟು ಕಟ್ಟಿದಳು. ಗಂಟನ್ನು ಯಾರಿಗೆ ಕೊಡುವುದೆಂದು ಕ್ಷಣ ಯೋಚಿಸಿ ನಿಶ್ಚಿತಾಗೆ ಕೊಟ್ಟಳು. ನೀಲಾಳ ಕೈ ತುಸು ಮುಂದೆ ಬಂದಿತ್ತು. ಕೂದಲು ಸರಿಮಾಡಿಕೊಂಡವಳಂತೆ ಹಿಂದಕ್ಕೆ ತೆಗೆದುಕೊಂಡಳು.

ಯಂತ್ರದ ಕೋಣೆಯ ಟೆಕ್ನಿಷಿಯನ್ ಯಶವಂತ್‌ಭಾಯ್ ಹಿಂದಿನ ಎರಡು ಸಲವೂ ಇದ್ದವನು. "ಆವೋ ಪದ್ಮಾಬೆನ್, ಆಜ್ ತೋ ನಹೀ ಭಾಗ್‌ನಾ, ಹಾಂ?" ಎಂದು, ಇವತ್ತಾದರೂ ಓಡಬೇಡಿ ಅನ್ನುತ್ತ ನಗಿಸಲು ನೋಡಿದ. ಅವಳ ಅಂಗೈಯಲ್ಲಿ ರಬ್ಬರಿನ ಉಂಡೆಯೊಂದನ್ನಿಟ್ಟು, ತೊಂದರೆಯಾದರೆ ಹಿಸುಕಿ, ಗಂಟೆ ಹೊಡೆಯುತ್ತದೆ ಎಂದು ಹಿಂದಿಯಲ್ಲಿ ವಿವರಿಸಿದ. ದಪ್ಪ ಬಾಗಿಲು ಮುಚ್ಚಿತು. ನೀಲಾ, ನಿಶ್ಚಿತಾ ಹೊರಗಿನ ಬೆಂಚಿನ ಮೇಲೆ ಕೂತರು. ನೀಲಾ ಮರುಕ್ಷಣವೇ ಎದ್ದಳು.

ಶುರುವಾಯಿತು. ರೆಕಾರ್ಡಿಂಗಿನಲ್ಲಿ ಎಷ್ಟು ಸಲ ಕೇಳಿದ್ದರೂ ಬಾಗಿಲಿನಾಚೆಯಿಂದ ಬರುವುದು ಬೇರೆಯೇ, ಗೋಡೆಗೆ ಹಣೆ ತಾಗಿಸಿದರೆ ಹಲ್ಲಿಗೆ ತಾಗುತ್ತಿತ್ತು. ಅವಳು ಎಳೆ ಎಣಿಸಿದಳು. ಈಗ ದಡಿ. ಈಗ ಒಡಲು. ಬಡಿತದ ಲಯ ಬದಲಾಯಿತು, ಮಗ್ಗಕ್ಕಿಂತ ಬಹಳ ವೇಗವಾಗಿ. ಅಯ್ಯೋ, ಇದನ್ನು ಅಭ್ಯಾಸದಲ್ಲಿ ಹಾಕಿರಲಿಲ್ಲ! ವೇಗವಾಗಿ ನೇಯಿ ಪದ್ಮಾ, ಸೆರಗು ನೇಯಿ, ತೆನೆ ಇಡು. ಮೂರು ನಿಮಿಷ. ಐದು. ಇಷ್ಟು ಹೊತ್ತು ಪದ್ಮಾ ಹಿಂದೆಂದೂ ಒಳಗಿರಲಿಲ್ಲವಂತೆ. ಆ ಕಣ್ಣು ಉಳಿಯಬೇಕು ಎಂದುಕೊಂಡಳು ನೀಲಾ. ಎಂದುಕೊಂಡ ಮೇಲೆ, ಬೆಳಗಿನಿಂದ ಆ ಕಣ್ಣನ್ನು ಇದೇ ಮೊದಲ ಸಲ ನೆನೆಯುತ್ತಿದ್ದೇನೆ ಎಂಬುದು ತಿಳಿದು ಮೈ ಬಿಸಿಯಾಯಿತು. ಒಂಬತ್ತು ನಿಮಿಷ. ನಿಶ್ಚಿತಾ ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು.

ಗಂಟೆ ಹೊಡೆಯಿತು.

ಸದ್ದು ತಟ್ಟನೆ ನಿಂತಿತು. ಯಶವಂತ್‌ಭಾಯ್ ಬಾಗಿಲು ತಳ್ಳಿಕೊಂಡು ಒಳಗೆ ಓಡಿದ, ಅವನ ಹಿಂದೆ ನರ್ಸು. ನೀಲಾಳನ್ನು ಹೊಸ್ತಿಲಲ್ಲೇ ತಡೆದರು, ಅವಳ ಮೈಮೇಲೆ ಪಿನ್ನು, ಬಳೆ, ಎಲ್ಲ ಇದ್ದವು. ಅಲ್ಲಿಂದ ಅವಳಿಗೆ ಕಂಡದ್ದು ಬಿಳಿ ಉಂಗುರದಿಂದ ಹೊರಗೆ ಚಾಚಿದ ಎರಡು ಪಾದ. ಓಡಲು ಸಿದ್ಧವಾದ ಪಾದಗಳಲ್ಲ ಅವು. ಬೆರಳು ಸಡಿಲವಾಗಿದ್ದವು.

"ಕ್ಯಾ ಹುವಾ ಬೆನ್? ನಿಕಾಲೂ?" ಯಶವಂತ್‌ಭಾಯ್ ಬಾಗಿ, ಏನಾಯಿತು, ಹೊರಗೆಳೆಯಲೇ ಎಂದು ಕೇಳಿದ.

ಒಳಗಿನಿಂದ, ಕೊಳವೆಯಲ್ಲಿ ಗುಂಯ್‌ಗುಟ್ಟುತ್ತ ಪದ್ಮಾಳ ದನಿ ಬಂತು. "ಯಾರ್ ಯಾರು ಬಂದೀರಿ?"

ಕನ್ನಡ ತಿಳಿಯದ ಅವನು ನೀಲಾಳ ಕಡೆ ನೋಡಿದ.

"ಯಶವಂತ್‌ಭಾಯ್ ಬಂದಿದಾರೆ, ನರ್ಸ್ ಬಂದಿದಾರೆ," ನೀಲಾ ಬಾಗಿಲಿನಿಂದ ಕೂಗಿ ಹೇಳಿದಳು. "ನಾನು ಬಾಗಿಲಲ್ಲಿದೀನಿ. ಏನಾಯ್ತು ಪದ್ಮಾ?"

"ಏನೂ ಆಗಿಲ್ಲ. ಒತ್ತಿದ್ರ ಬರ್ತೀರೋ ಇಲ್ಲೋ ಅಂತ ನೋಡಿದೆ."

ಯಶವಂತ್‌ಭಾಯ್‌ಗೆ ನೀಲಾ ಹಿಂದಿಯಲ್ಲಿ ತಿಳಿಸಿದಾಗ ಅವನು ಹಣೆ ಚಚ್ಚಿಕೊಂಡ. ಮಧ್ಯದಲ್ಲಿ ನಿಂತದ್ದನ್ನು ಮೊದಲಿನಿಂದ ತೆಗೆಯಬೇಕು, ಹೊರಗೆ ಆರು ಜನ ಕಾಯುತ್ತಿದ್ದಾರೆ, ಮತ್ತೆ ಹೀಗೆ ಮಾಡುವುದಿಲ್ಲ ತಾನೆ, ಕೇಳಿ ಹೇಳಿ, ಶುರು ಮಾಡಲೇ, ಬೇಡವೇ ಎಂದು ಅವಳನ್ನೇ ನೋಡಿದ. ಹೌದು, ಮಾಡಿ ಎನ್ನಲು ನೀಲಾಳ ಬಾಯಿ ತೆರೆದಿತ್ತು. ಮುಚ್ಚಿಕೊಂಡಳು. ಅಷ್ಟು ಸಣ್ಣ ಕೆಲಸಕ್ಕೆ ಅವಳ ಇಡೀ ಮೈಯ ಬಲ ಬೇಕಾಯಿತು. ಆ ಬಿಳಿ ಕೋಣೆಯಲ್ಲಿ ಗಾಳಿಯಂತ್ರ ಒಂದೇ ಸಮನೆ ಗುಯ್ಯೆನ್ನುತ್ತಿತ್ತು. ಎರಡು ಪಾದಗಳು ಒಂದನ್ನೊಂದು ಉಜ್ಜಿಕೊಂಡು ಆರಾಮಾಗಿ ಜೋಡಿಸಿಕೊಂಡವು.

"ಚಾಲೂ ಕರೋ, ಭಾಯ್," ಎಂದಳು ಪದ್ಮಾ.